ಬಾಗಲೂರಿನ ಹೊಲದಲ್ಲಿ ನನ್ನ ಹೆಬ್ಬೇವು

ಗಿಡ ನೆಡುವುದರಲ್ಲಿ ತಪ್ಪು ಮಾಡಲು ಏನಿದೆ? ಗುಂಡಿ ತೋಡಬೇಕು, ಗಿಡ ಇಡಬೇಕು, ಮಣ್ಣು ಮುಚ್ಚಬೇಕು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ನನಗೆ ಅದಕ್ಕಿಂತ ಹೆಚ್ಚೇ ತಿಳಿದಿತ್ತು. ತೊಂದರೆಯಾಗಿದ್ದೇ ಅದರಿಂದ!

ನಮ್ಮ ಮನೆ ಕೋಗಿಲಿನಲ್ಲಿ. ಬಾಗಲೂರಿನ ಹತ್ತಿರ ನಮ್ಮದೊಂದು ಸಣ್ಣ ಹೊಲವಿದೆ. ನಮ್ಮ ಮನೆಯ ವರ್ಷದ ಮುದ್ದೆ ಹುಟ್ಟುವುದು ಅಲ್ಲೇ. ಆ ವರ್ಷ ಶಿಕ್ಷಕರ ತರಬೇತಿಯೊಂದರಲ್ಲಿ ಹೊಲದ ನಡುವೆ ಮರ ಬೆಳೆಸಿದರೆ ಮಣ್ಣು ತಂಪಾಗುತ್ತದೆ, ಭೂಮಿಯ ಬಿಸಿ ಇಳಿಯುತ್ತದೆ ಎಂದು ಕೇಳಿ ಬಂದೆ. ಭೂಮಿಯ ಬಿಸಿ ಇಳಿಸುವ ಹೊಣೆಯನ್ನು ಅಂದೇ ಸಂಜೆ ಕಾಫಿ ಕುಡಿಯುತ್ತಾ ವಹಿಸಿಕೊಂಡೆ.

"ಮರ ನೆಟ್ಬುಟ್ರೆ ರಾಗಿ ಎಲ್ಲವ್ವಾ ಬೆಳೆಯೋದು? ನೆಳ್ಳಾಗಾ?" ಎಂದರು ನಮ್ಮತ್ತೆ.

"ಅದಕ್ಕೊಂದು ಶಾಸ್ತ್ರ ಇದೆ ಅತ್ತೆ. ಸಾಲು ಬಿಟ್ಟು ಸಾಲು ನೆಡ್ತೀವಿ."

"ಆಗ್ಲಿ. ರಾಗಿ ಏನಾರಾ ಕಮ್ಮಿಯಾದ್ರೆ ನಿನ್ ಶಾಸ್ತ್ರನೇ ಉಂಡ್ಕಂಡು ಇರ್ಬೇಕು ನೋಡು!"

ಬೇಸಿಗೆ ರಜೆಯಲ್ಲಿ ಮೊದಲ ಮಳೆ ಬಿದ್ದ ಕೂಡಲೇ ನರ್ಸರಿಯಿಂದ ಹೆಬ್ಬೇವಿನ ಸಸಿ ತಂದು ನೆಟ್ಟೆವು. ಬಾಗಲೂರಿನ ಬಯಲು ಗಾಳಿಗೆ ಸಸಿಗಳೆಲ್ಲ ನಮಸ್ಕಾರ ಹಾಕತೊಡಗಿದವು. ಆಸರೆಗೆ ಗೂಟ ಬೇಕಾಯಿತು. ಪಕ್ಕದ ಹೊಲದ ರಹಮತ್ ಸಾಬರು ಹುರುಳಿಕಾಯಿ ಬೆಳೆಯುವವರು. ನಮ್ಮಿಬ್ಬರ ಹೊಲ ಸೇರುವ ಮೂಲೆಯಲ್ಲಿ, ಬಂಡಿದಾರಿಯಿಂದ ದನ, ಮೇಕೆ ನುಗ್ಗದಂತೆ, ದಟ್ಟವಾದ ಹಸಿರು ಬೇಲಿ ಬೆಳೆಸಿದ್ದರು.

"ಬೇಲಿಯಲ್ಲಿ ನಾಲ್ಕು ಕಡ್ಡಿ ಮುರ್ಕೊಳ್ಳಿ ಟೀಚರಮ್ಮ, ಅದಕ್ಕೇನಂತೆ," ಎಂದು ಧಾರಾಳವಾಗಿ ಹೇಳಿದರು.

'ನಾಲ್ಕು' ಎಂಬುದನ್ನು ನಾನು ವಿಶಾಲಾರ್ಥದಲ್ಲಿ ತೆಗೆದುಕೊಂಡೆ. ಸಸಿಗೊಂದು ಗೂಟವಾಗುವ ಹೊತ್ತಿಗೆ ಬೇಲಿಯಲ್ಲಿ ಬಾಗಿಲಿನಷ್ಟು ಸಂದಿಯಾಗಿತ್ತು. ಗಾಳಿಯಾಡಲಿ ಎಂದುಕೊಂಡೆ! ಹಳೆಯ ಸೀರೆ ಹರಿದು ಪ್ರತಿ ಸಸಿಯನ್ನೂ ಗೂಟಕ್ಕೆ ಬಿಗಿದು ಕಟ್ಟಿ, ಸೋದರ ಸೊಸೆಯ ಮದುವೆಗೆಂದು ತವರಿಗೆ ಹೋದೆ.

ತಿರುಗಿ ಬಂದು ನೋಡುತ್ತೇನೆ, ಕಟ್ಟಿದ ಕಟ್ಟಿನಲ್ಲೆಲ್ಲ ಹಸಿರು ಚಿಗುರು! ಎಲೆ ಸ್ವಲ್ಪ ಅಗಲವಾಗಿ ಕಂಡಿತು. ಮಳೆ ಚೆನ್ನಾಗಿ ಹಿಡಿದಿರಬೇಕು ಎಂದು ವೈಜ್ಞಾನಿಕವಾಗಿ ತೀರ್ಮಾನಿಸಿದೆ. ಅತ್ತೆಗೆ ಮಂಡಿನೋವು, ಯಜಮಾನರಿಗೆ ಅಂಗಡಿ. ಹೊಲಕ್ಕೆ ಬಂದು 'ಇದೇನಿದು' ಎನ್ನುವವರು ಯಾರೂ ಇರಲಿಲ್ಲ. ಫೋಟೋ ತೆಗೆದು ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಚಪ್ಪಾಳೆಯ ಚಿತ್ರಗಳು ಸುರಿದವು.

ಜೂನ್‌ನಲ್ಲಿ ಶಾಲೆ ತೆರೆಯಿತು. ಪರಿಸರ ಕಾರ್ಯಕ್ರಮವನ್ನು ಈ ಸಲ ನಮ್ಮ ಹೊಲದಲ್ಲೇ ಮಾಡೋಣ ಎಂದು ಮುಖ್ಯೋಪಾಧ್ಯಾಯಿನಿಯವರು ನಿರ್ಧರಿಸಿದರು. ಮಕ್ಕಳು ಬಸ್ಸಿನಲ್ಲಿ ಬಂದರು. ಮುಖ್ಯ ಅತಿಥಿಯಾಗಿ ನಿವೃತ್ತ ಕೃಷಿ ಅಧಿಕಾರಿಯೊಬ್ಬರು ಬಂದರು. ನನಗೆಂದು ಒಂದು ಶಾಲು ಕೂಡ ಬಂತು. ಅತ್ತೆ ಮಂಡಿಗೆ ಎಣ್ಣೆ ಹಚ್ಚಿಕೊಂಡು, ಯಜಮಾನರ ಸ್ಕೂಟರ್ ಹಿಂದೆ ಕೂತು ಬಂದೇಬಿಟ್ಟರು.

ನಾನು ಚಿಗುರನ್ನು ಮೃದುವಾಗಿ ಹಿಡಿದು, "ಮಕ್ಕಳೇ, ಇದು ಹೆಬ್ಬೇವು. ಇದರ ಎಲೆಯ ರಚನೆಯನ್ನು ಸೂಕ್ಷ್ಮವಾಗಿ ಗಮನಿಸಿ," ಎಂದೆ.

ಅಧಿಕಾರಿಗಳು ಗಮನಿಸಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಗಮನಿಸಿದರು. ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ರಹಮತ್ ಸಾಬರು ಆ ಸಂದಿಯಿಂದಲೇ ನುಗ್ಗಿ ಬಂದರು.

"ಟೀಚರಮ್ಮ! ಬೇಲಿನೆಲ್ಲ ಬೋಳಿಸ್ಬಿಟ್ಟಿದ್ದೀರಲ್ಲಾ! ಬೆಳಿಗ್ಗೆ ಮೇಕೆ ನುಗ್ಗಿ, ಈಗ್ತಾನೇ ಮೊಳೆತಿದ್ದ ನನ್ ಹುರುಳಿಕಾಯಿ..." ಎಂದವರು ನನ್ನ ಕೈಲಿದ್ದ ಚಿಗುರು ನೋಡಿ ಗಕ್ಕನೆ ನಿಂತರು. "ಅರೆ ಅಲ್ಲಾ! ಇದು ನನ್ ಬೇಲಿ! ಗೊಬ್ಬರದ ಗಿಡ! ಗೂಟನೇ ಚಿಗುರೈತಲ್ರೀ!"

ಸೀರೆಯ ಕಟ್ಟು ಬಿಚ್ಚಿ ನೋಡಿದೆವು. ಚಿಗುರಿದ್ದು ಗೂಟ. ಪಕ್ಕದಲ್ಲಿ ಒಂದು ಒಣಕಡ್ಡಿ. ಅದು ನನ್ನ ಹೆಬ್ಬೇವು! ನಾನು ಮದುವೆ ಊಟ ಮಾಡುತ್ತಿದ್ದಾಗ, ನಾನೇ ತೆರೆದಿಟ್ಟ ಬಾಗಿಲಿನಿಂದ ಬಂದ ಮೇಕೆಗಳು ಇಲ್ಲಿ ಅದನ್ನೇ ಊಟ ಮಾಡಿದ್ದವು. ಕಟ್ಟು ಬಿಚ್ಚುತ್ತಾ ಹೋದೆವು. ಎಲ್ಲ ಕಡೆಯೂ ಅದೇ ಕತೆ.

ಮಕ್ಕಳು ಎಲೆಯ ರಚನೆಯನ್ನು ಬಿಟ್ಟು ನನ್ನ ಮುಖವನ್ನು ಸೂಕ್ಷ್ಮವಾಗಿ ಗಮನಿಸುತ್ತಿದ್ದರು. ಭೂಮಿಯ ಬಿಸಿಯೆಲ್ಲ ನನ್ನ ಕಿವಿಗಳಿಗೆ ಏರಿತ್ತು.

ಅಧಿಕಾರಿಗಳು ಒಳ್ಳೆಯವರು. ಗೊಬ್ಬರದ ಗಿಡ ಹೊಲಕ್ಕೆ ಬಹಳ ಒಳ್ಳೆಯದು, ಕಡ್ಡಿ ನೆಟ್ಟರೆ ಸಾಕು ಚಿಗುರುತ್ತದೆ, ಸೊಪ್ಪು ಸವರಿ ಹಾಕಿದರೆ ರಾಗಿಗೆ ಸೊಗಸಾದ ಗೊಬ್ಬರ ಎಂದು ಮಕ್ಕಳಿಗೆ ವಿವರಿಸಿದರು. "ಇದನ್ನ ಬೆಳೆಸಿದ ರೈತರು ಯಾರು?" ಎಂದೂ ಕೇಳಿದರು.

ಎಲ್ಲರ ಬೆರಳೂ ಒಂದೇ ಕಡೆ ಹೋಯಿತು. ಮುಖ್ಯೋಪಾಧ್ಯಾಯಿನಿಯವರು ಕೈಯಲ್ಲಿದ್ದ ಶಾಲನ್ನು ಒಮ್ಮೆ ನೋಡಿ, ಒಮ್ಮೆ ನನ್ನನ್ನು ನೋಡಿ, ಅದನ್ನು ರಹಮತ್ ಸಾಬರಿಗೆ ಹೊದಿಸಿದರು. ಜೋರು ಚಪ್ಪಾಳೆ! ನಾನೂ ತಟ್ಟಿದೆ.

ಬಸ್ಸು ಹೊರಟ ಮೇಲೆ ಸಾಬರು ಶಾಲು ಸರಿಮಾಡಿಕೊಳ್ಳುತ್ತಾ, "ಅದೆಲ್ಲಾ ಸರಿ ಟೀಚರಮ್ಮ, ನನ್ ಹುರುಳಿಕಾಯಿಗೆ ಏನ್ ಹೇಳ್ತೀರಾ?" ಎಂದರು.

"ಎಲ್ಲಾ ಗೂಟನೂ ಕಿತ್ತು ವಾಪಸ್ ನೆಟ್ಕೊಡ್ತೀನಿ ಸಾಬ್ರೇ."

"ಬೇಡ ಬೇಡ! ಬೇರು ಬಿಟ್ಟವೆ, ಇರ್ಲಿ. ನೀವು ಮಾತ್ರ ಯಾವ್ದನ್ನೂ ಮುಟ್ಬೇಡಿ!"

"ಸೊಪ್ಪು ನಮ್ ರಾಗಿಗಾಯ್ತದೆ ಬುಡು," ಎಂದು ಅತ್ತೆ ಆಗಲೇ ಲೆಕ್ಕ ಹಾಕುತ್ತಿದ್ದರು.

ಬೇಲಿ ಮುಚ್ಚಲು ಮುಳ್ಳು ತರುತ್ತೇನೆಂದು ಯಜಮಾನರು ಸ್ಕೂಟರ್ ಹತ್ತಿದರು. ಬಂಡಿದಾರಿಯಲ್ಲಿ ಮೇಕೆಗಳು ಮತ್ತೆ ಬರುತ್ತಿದ್ದವು.

"ರೀ, ಅಲ್ಲೀವರೆಗೂ ಈ ಸಂದಿಗೆ ಏನು ಅಡ್ಡ ಇಡೋದು?" ಎಂದೆ.

"ನೀನೇ ನಿಂತ್ಕೋ. ನಾನ್ ಬರೋವರ್ಗೂ ನೀನೇ ಗೂಟ!"

ನಿಂತೆ. ಕತ್ತಲಾಗುವವರೆಗೂ ಕೈ ಅಗಲಿಸಿಕೊಂಡು ನಿಂತಿದ್ದೆ. ಚಿಗುರಲಿಲ್ಲ, ಅಷ್ಟೇ.