ಜಲಶುದ್ಧಿ ಕುಂಡ

ನನಗೊಂದು ಕೆಟ್ಟ ಚಾಳಿ ಇದೆ. ನಶ್ಯ, ಇಸ್ಪೀಟು ಅಂಥದ್ದೇನೂ ಅಲ್ಲ. ಅಂಥದ್ದಾಗಿದ್ದರೆ ನನ್ನ ಹೆಂಡತಿ ಸಾವಿತ್ರಿ ಎಂದೋ ಬಿಡಿಸಿರುತ್ತಿದ್ದಳು. ನನ್ನ ಚಾಳಿ ಎಂದರೆ ಕೊಳಕು ವಸ್ತುವಿಗೆ ಚೊಕ್ಕ ಹೆಸರಿಡುವುದು. ಮಧುಗಿರಿಯ ಮುನಿಸಿಪಾಲಿಟಿಯಲ್ಲಿ ಗುಮಾಸ್ತನಾಗಿ ಸೇರಿದ ಹೊಸತರಲ್ಲೇ ಇದು ನನಗೆ ಅಂಟಿಕೊಂಡಿತು. ಬೀದಿಯ ಕಸವನ್ನು 'ತ್ಯಾಜ್ಯ ಸಂಚಯ' ಎಂದು ಬರೆದವನು ನಾನೇ. ಹಂದಿಗಳ ಕಾಟವನ್ನು 'ವರಾಹ ಬಾಧೆ' ಎಂದು ನೋಟೀಸಿನಲ್ಲಿ ಬರೆದಾಗ ದೇವಸ್ಥಾನದ ಅರ್ಚಕರು ಆಫೀಸಿಗೇ ಬಂದು, "ವರಾಹಸ್ವಾಮಿ ನಿಮಗೇನು ಬಾಧೆ ಕೊಟ್ಟ?" ಎಂದು ಜಗಳಕ್ಕೆ ನಿಂತಿದ್ದರು. ಆದರೂ ಪ್ರೆಸಿಡೆಂಟ್ ರುದ್ರಪ್ಪನವರು, "ಗುಮಾಸ್ತರೇ, ನಿಮ್ಮ ಕೈಯಲ್ಲಿ ಸರಸ್ವತಿ ಕೂತಿದ್ದಾಳೆ ಕಣ್ರೀ" ಎಂದುಬಿಟ್ಟಿದ್ದರು. ಹಾಗೆ ಒಂದು ಸಲ ಹೊಗಳಿಸಿಕೊಂಡವನು ಮತ್ತೆ ಸುಧಾರಿಸುವುದು ಕಷ್ಟ.

ತಪ್ಪು ನನ್ನೊಬ್ಬನದೇ ಅಲ್ಲ, ಊರಿಗೇ ಈ ಚಾಳಿ ಇತ್ತು ಎಂದು ನಾನು ವಾದಿಸಬಲ್ಲೆ. ನಮ್ಮ ಊರು ಮೊದಲು ಮದ್ದಗಿರಿ. ಹಳ್ಳಿಯವರು ಇವತ್ತಿಗೂ ಹಾಗೇ ಅನ್ನುವುದು. ಓದಿದವರ ಬಾಯಿಗೆ ಅದು ಒರಟಾಗಿ ಕಂಡು, ಕಾಗದಪತ್ರಗಳಲ್ಲೆಲ್ಲ ಮಧುಗಿರಿಯಾಯಿತು. ಹೆಸರಿಗೆ ಜೇನು ಬಂತು, ಮೋರಿಗೆ ಮಾತ್ರ ಬರಲಿಲ್ಲ. ಊರಿನ ನೆತ್ತಿಯ ಮೇಲೆ ಅಷ್ಟು ದೊಡ್ಡ ಬೋಳು ಬಂಡೆ. ಮಳೆ ಹುಯ್ದರೆ ಒಂದು ತೊಟ್ಟನ್ನೂ ಕುಡಿಯದೆ ಎಲ್ಲವನ್ನೂ ನಮ್ಮ ಮೇಲೆ ಸುರಿಯುತ್ತದೆ. ಆ ನೀರು ಮೇಲಿನ ಬೀದಿಯ ಬಚ್ಚಲುಗಳನ್ನೆಲ್ಲ ತೊಳೆದುಕೊಂಡು ಕೆಳಗಿನ ಬೀದಿಯ ಹೊಸ್ತಿಲಿಗೆ ಬರುತ್ತಿತ್ತು. ಮೇಲಿನವರು, "ನೀರು ಇಳಿಜಾರಿಗೆ ಹರಿದರೆ ನಾವೇನು ಮಾಡೋಣ?" ಎನ್ನುವರು. ಕೆಳಗಿನವರು, "ನೀರಲ್ಲ ಸ್ವಾಮಿ, ನಿಮ್ಮ ಮನೆ ನಿನ್ನೆಯ ಹುಳಿಯಲ್ಲಿದ್ದ ನುಗ್ಗೆಕಾಯಿ ನಮ್ಮ ರಂಗೋಲಿ ಮೇಲೆ ಬಿದ್ದಿದೆ" ಎನ್ನುವರು. ಕೆಳಗಿನ ಬೀದಿಯಲ್ಲಿ ಚಳಿಜ್ವರ ಬಾರದ ಮನೆ ಇರಲಿಲ್ಲ. ಅದು ಮಾತ್ರ ನಗುವ ವಿಷಯವಲ್ಲ.

ಹೀಗಿರುವಾಗ ತುಮಕೂರಿನಿಂದ ಒಬ್ಬ ಓವರ್‌ಸಿಯರು ಬಂದರು. ಮಾತು ಕಡಿಮೆ, ಅಳತೆ ಜಾಸ್ತಿ. ಊರಿನ ಮಣ್ಣು ಮೋರಿಗಳನ್ನೆಲ್ಲ ಕಲ್ಲುಚಪ್ಪಡಿಯಲ್ಲಿ ಕಟ್ಟಿ, ಎಲ್ಲ ಮನೆಗಳ ಬಚ್ಚಲು ನೀರನ್ನೂ ಒಂದೇ ಕಡೆಗೆ ಹರಿಸಿ, ಮೂರು ಅಂಕಣದ ದೊಡ್ಡ ತೊಟ್ಟಿಯೊಂದಕ್ಕೆ ಬಿಡಬೇಕೆಂದರು. ಮೊದಲ ಅಂಕಣದಲ್ಲಿ ಕೆಸರು ತಳಕ್ಕೆ ಕೂರುತ್ತದೆ, ಎರಡನೆಯದರಲ್ಲಿ ಇದ್ದಿಲು ಮರಳಿನ ಮೂಲಕ ನೀರು ಸೋಸಿ ಇಳಿಯುತ್ತದೆ, ಮೂರನೆಯದರಿಂದ ಹೊರಗೆ ಹರಿದದ್ದು ಗಿಡಗಳಿಗೆ ಆಗುತ್ತದೆ. "ಕುಡಿಯೋದಕ್ಕೆ ಅಲ್ಲ, ಗಿಡಕ್ಕೆ" ಎಂದು ಅವರು ಎರಡು ಸಲ ಹೇಳಿದರು. ಎರಡು ಸಲವೂ ನಾನು ಅಲ್ಲೇ ಇದ್ದೆ, ಕೇಳಿಸಿಕೊಂಡಿದ್ದೆ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಓವರ್‌ಸಿಯರು ನಕ್ಷೆಯಲ್ಲಿ ಎರಡು ಜಾಗ ಗುರುತು ಮಾಡಿದ್ದರು. ಒಂದನೆಯದು, ಅವರು ಸೂಕ್ತವೆಂದು ಬರೆದದ್ದು, ನಮ್ಮ ಬೀದಿಯ ಹಿಂದಿನ ಮುನಿಸಿಪಾಲಿಟಿ ಬಯಲು. ಎರಡನೆಯದು ಊರಾಚೆ, ಕುರಿ ಸಾಕುವವರ ಹಟ್ಟಿಯ ಮೇಲ್ಗಡೆ. ನಮ್ಮ ಬೀದಿ ಎಂದರೆ ವಕೀಲರು, ಮೇಷ್ಟರು, ನನ್ನಂಥ ಗುಮಾಸ್ತರು. ಅರ್ಜಿ ಬರೆಯಲು ಬಲ್ಲವರ ಬೀದಿ. ಒಂದೇ ಸಂಜೆಗೆ ಅರ್ಜಿ ಸಿದ್ಧವಾಯಿತು. ಬರೆದವನು ನಾನು. 'ಒಂದನೆಯ ಸ್ಥಳವು ಜನವಸತಿಗೆ ಸಮೀಪವಾಗಿದ್ದು, ಎರಡನೆಯ ಸ್ಥಳವು ನಿರ್ಜನವಾಗಿರುತ್ತದೆ' ಎಂದು ಬರೆದೆ. ಹಟ್ಟಿಯಲ್ಲಿ ಇಪ್ಪತ್ತು ಗುಡಿಸಲಿದ್ದುದು ನನಗೆ ಗೊತ್ತಿತ್ತು. ಆ ಅರ್ಜಿಯನ್ನು ಫೈಲಿನ ಮೇಲ್ಭಾಗಕ್ಕೆ ಬರುವಂತೆ ಪೋಣಿಸಿದವನೂ ನಾನೇ. ರುದ್ರಪ್ಪನವರು ಮೇಲಿನ ಕಾಗದ ಓದಿ, ಕೆಳಗಿನದನ್ನು ನಂಬಿ ಸಹಿ ಹಾಕುವ ಪೈಕಿ. ಎರಡನೆಯ ಜಾಗಕ್ಕೇ ಒಪ್ಪಿಗೆಯಾಯಿತು.

ಇನ್ನು ಉಳಿದದ್ದು ಹೆಸರು. ನಾನು 'ಮಲಿನಜಲ ಶುದ್ಧೀಕರಣ ಕುಂಡ' ಎಂದು ಬರೆದುಕೊಂಡು ಹೋದೆ. ರುದ್ರಪ್ಪನವರು ಕನ್ನಡಕ ಏರಿಸಿ ಇಳಿಸಿ, "ಎಲ್ಲಾ ಚೆನ್ನಾಗಿದೆ ಗುಮಾಸ್ತರೇ, ಆದರೆ ಮಧುಗಿರಿ ಅನ್ನೋ ಹೆಸರಿನ ಪಕ್ಕ ಮಲಿನ ಅನ್ನೋ ಮಾತು ಬೇಡ ಕಣ್ರೀ, ಅಪಶಕುನ" ಎಂದರು. ನನಗೂ ಹೌದೆನ್ನಿಸಿತು. ಮಲಿನವನ್ನು ತೆಗೆದೆ. ಉಳಿದದ್ದು 'ಜಲಶುದ್ಧಿ ಕುಂಡ'. ಎಷ್ಟು ಚೆನ್ನಾಗಿದೆ ಎಂದು ನನಗೇ ಖುಷಿಯಾಗಿ ಮನೆಗೆ ಬಂದು ಸಾವಿತ್ರಿಗೆ ಹೇಳಿದೆ. ಅವಳು ಹಿತ್ತಲಲ್ಲಿ ಬಾಳೆಗಿಡದ ಬುಡ ಕೆದಕುತ್ತಿದ್ದಳು. ನಮ್ಮ ಬಚ್ಚಲು ನೀರೆಲ್ಲ ಆ ಬಾಳೆಗೂ ಕೆಸುವಿನ ಗಿಡಕ್ಕೂ ಹೋಗುತ್ತಿತ್ತು. "ಕುಂಡವೋ ಗಿಂಡವೋ, ನನ್ನ ಬಾಳೆಗಿಡದ ನೀರು ನಿಮ್ಮ ಮುನಿಸಿಪಾಲಿಟಿಗೆ ಕೊಡೋದಿಲ್ಲ. ಅಲ್ಲಾರೀ, ಬಚ್ಚಲು ಗುಂಡಿಗೆ ಕುಂಡ ಅಂತೀರಲ್ಲ, ನಾಳೆ ಯಾರಾದರೂ ಹೋಗಿ ಸ್ನಾನ ಮಾಡಿ ಸಂಕಲ್ಪ ಹೇಳ್ಕೊಂಡರೆ?" ಎಂದಳು. ಹೆಂಗಸರಿಗೆ ಆಫೀಸಿನ ಭಾಷೆ ತಿಳಿಯುವುದಿಲ್ಲ ಎಂದುಕೊಂಡು ಕೈಕಾಲು ತೊಳೆಯಲು ಬಚ್ಚಲಿಗೆ ಹೋದೆ.

ತಮಟೆಯವನು ಊರೂ ಹಟ್ಟಿಯೂ ಎಲ್ಲ ಸುತ್ತಿ, ನಾನು ಬರೆದ ನೋಟೀಸನ್ನು ತನ್ನ ಮಾತಿನಲ್ಲಿ ಸಾರಿದ: "ಹಟ್ಟಿ ಮೇಗ್ಲ ಬಯಲಾಗೆ ಮುನಿಸಿಪಾಲ್ಟಿಯೋರು ಜಲಶುದ್ಧಿ ಕುಂಡ ಕಟ್ಟುಸ್ತಾರಂತಪ್ಪೋ!" ಕುಂಡದ ಹೆಸರಿನಲ್ಲಿ ಅವನು ಒಂದಕ್ಷರವನ್ನೂ ತಪ್ಪು ಹೇಳಲಿಲ್ಲ.

ಮುಂದಿನ ಸಂತೆಯ ದಿನ ಬೆಳಿಗ್ಗೆ ನಮ್ಮ ಜಗಲಿಯ ಹತ್ತಿರ ಒಬ್ಬ ಮುದುಕಿ ಬಂದು ನಿಂತಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಮುತ್ತುಗದ ಎಲೆಯಲ್ಲಿ ಸುತ್ತಿದ ಬೆಣ್ಣೆ. ಹಟ್ಟಿಯ ಮಾರಜ್ಜಿ. ಸಂತೆಗೆ ಬೆಣ್ಣೆ ತರುವವಳೆಂದು ಸಾವಿತ್ರಿಗೆ ಅವಳ ಗುರುತು ಇತ್ತು.

"ಸಾಮೇರೆ, ತಮಟೆ ಕಾಗ್ದ ಬರ್ದೋರು ನೀವೇ ಅಂತಲ್ಲ?" ಎಂದಳು.

"ಹೌದಜ್ಜಿ" ಎಂದೆ, ಹೆಮ್ಮೆಯಿಂದಲೇ.

"ನಿಮ್ಮೊಟ್ಟೆ ತಣ್ಣಗಿರ್ಲಿ. ಇದು ಮಾರಾಕಲ್ಲ, ನಿಮ್ಗೇಂತ ತಂದಿವ್ನಿ." ಬೆಣ್ಣೆಯನ್ನು ಜಗಲಿಯ ಮೇಲಿಟ್ಟಳು. "ನಮ್ ಕುಂಟೆ ಶಿವರಾತ್ರಿಗೆಲ್ಲ ಬತ್ತೋಯ್ತದೆ. ಆಮೇಲೆ ಕುರಿ ಹೊಡ್ಕಂಡು ಎಲ್ಲೆಲ್ಲಿಗೋ ಹೋಗ್ಬೇಕು. ಈಗ ಮದ್ದಗಿರಿಯೋರು ನಮ್ಮಟ್ಟಿ ಮೇಗೇ ಸುದ್ದವಾದ್ ನೀರಿನ ಕುಂಡ ಕಟ್ಟುಸ್ತಾ ಅವ್ರೆ. ನಾಡಿದ್ದು ಸ್ವಾಮಾರ ಕುಂಟೆ ಏರಿ ಒಡ್ದು ಮುಂದೆ ಬರೋ ನಿಮ್ ಕಾಲ್ವೆಗೆ ಈಗ್ಲೇ ಬಾಯಿ ಬುಡುಸ್ತೀವಿ. ಕುರಿಗೂ ಆಯ್ತು, ನಮ್ಗೂ ಕುಡ್ಯಾಕಾಯ್ತು."

ನನ್ನ ಹೊಟ್ಟೆ ನಿಜವಾಗಿಯೂ ತಣ್ಣಗಾಯಿತು. ಹೇಳಬೇಕು, ಹೇಳಬೇಕು ಎಂದು ಬಾಯಿ ತೆರೆದೆ. ಬಂದದ್ದು ಇಷ್ಟು: "ಅಜ್ಜೀ, ಅದು ಏನಪ್ಪಾ ಅಂದರೆ, ಉಪಯೋಗಿತ ಜಲ ಅಂದರೆ, ಗೃಹಬಳಕೆಯ ನಂತರದ..." ಇಪ್ಪತ್ತು ವರ್ಷ ಕಚೇರಿಯಲ್ಲಿ ಕೂತು ನಾನು ಸಂಪಾದಿಸಿದ ಮಾತುಗಳಲ್ಲಿ ಆ ಮುದುಕಿಗೆ ಹೇಳುವಂಥದ್ದು ಒಂದೂ ಇರಲಿಲ್ಲ. ಅಜ್ಜಿ ಕೈಯನ್ನು ಕಿವಿಗೆ ಆನಿಸಿಕೊಂಡು ಕೇಳುತ್ತಿದ್ದಳು.

ಸಾವಿತ್ರಿ ಬಾಗಿಲಿಂದ ಹೊರಗೆ ಬಂದಳು. "ಅಜ್ಜೀ, ಅದು ಬಚ್ಚಲು ನೀರು ಕಣಮ್ಮ. ಊರೋರು ಮೈ ತೊಳೆದದ್ದು, ಮುಸುರೆ ತೊಳೆದದ್ದು, ಮಕ್ಕಳ ಬಟ್ಟೆ ಒಗೆದದ್ದು, ಎಲ್ಲಾ ಅಲ್ಲಿಗೇ ಬರೋದು. ಏರಿ ಒಡೀಬೇಡಿ. ಅದನ್ನ ಕುಡೀಬೇಡಿ."

ಮಾರಜ್ಜಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. "ಬಚ್ಚಲ್ ನೀರಾ? ತಮಟೆಯೋನು ಅಂಗಂತ ಕೂಗ್ನಿಲ್ವಲ್ಲ?"

"ನಾನು ಹಾಗೆ ಬರೆದಿರಲಿಲ್ಲ" ಎಂದೆ.

"ಬರ್ಯಾಕ್ ಬತ್ತದೆ ಅಂತ ಇಂಗ್ ಬರೀಬೌದಾ ಸಾಮಿ?" ಎಂದಳು. ಕೋಪದಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು. ಆಮೇಲೆ ನಮ್ಮ ಹಿತ್ತಲಾಚೆಯ ಬಯಲಿನ ಕಡೆ ಕಣ್ಣು ಹಾಯಿಸಿ, "ಇಲ್ಲೇ ಇಷ್ಟೊಂದು ಜಾಗ ಬಿದ್ದದೆ. ಇದ್ಯಾಕ್ ಆಗ್ನಿಲ್ಲ?" ಎಂದಳು. ನಾನು ಬೆಣ್ಣೆಯ ಪೊಟ್ಟಣವನ್ನು ಅವಳ ಕಡೆಗೆ ಸರಿಸಿದೆ. ಸಾವಿತ್ರಿ ನನ್ನನ್ನು ನೋಡಿದಳು. ಬೆಣ್ಣೆಯನ್ನು ವಾಪಸು ಒಯ್ಯಲು ಎಷ್ಟು ಹೇಳಿದರೂ ಅಜ್ಜಿ ಕೇಳಲಿಲ್ಲ. "ಕೊಡಾಕೆ ಅಂತ ತಂದಿದ್ನ ತಿರ್ಗಿ ತಕಂಡೋಗಾಕಿಲ್ಲ, ಬುಡಿ" ಎಂದು ಕಂಬಳಿ ಸರಿಮಾಡಿಕೊಂಡು ಹೊರಟುಹೋದಳು.

ಆ ಬೆಣ್ಣೆಯನ್ನು ಸಾವಿತ್ರಿ ಕಾಯಿಸಿ ತುಪ್ಪ ಮಾಡಿದಳು. ಊಟಕ್ಕೆ ಕೂತಾಗ ಬಡಿಸಲು ಬಂದವಳಿಗೆ ನಾನು ಎಲೆಗೆ ಕೈ ಅಡ್ಡ ಹಿಡಿದೆ. ಅವಳೂ ಬಲವಂತ ಮಾಡಲಿಲ್ಲ. ನನಗೆ ನಾಚಿಕೆಯಾಗಿತ್ತು, ಅಷ್ಟೇ ಅಲ್ಲ, ಭಯವೂ ಆಗಿತ್ತು. ಸಾವಿತ್ರಿ ಆ ಹೊತ್ತಿಗೆ ಬಾಗಿಲಿಗೆ ಬರದೇ ಹೋಗಿದ್ದರೆ, ಮಳೆಗಾಲದ ಹೊತ್ತಿಗೆ ಆ ಹಟ್ಟಿಯಲ್ಲಿ ಏನಾಗುತ್ತಿತ್ತೋ. ನನ್ನ ನೋಟೀಸನ್ನು ಮಾತ್ರ ಎಲ್ಲರೂ ಹೊಗಳುತ್ತಲೇ ಇರುತ್ತಿದ್ದರು.

ಸೋಮವಾರ ಕೌನ್ಸಿಲಿನ ಮೀಟಿಂಗು. ಅಜೆಂಡಾ ಓದುವುದು ಗುಮಾಸ್ತನ ಕೆಲಸ. ಹಟ್ಟಿಯವರು ಹತ್ತು ಹನ್ನೆರಡು ಜನ ಬಂದು ಬಾಗಿಲಲ್ಲಿ ನಿಂತಿದ್ದರು, ಮುಂದೆ ಮಾರಜ್ಜಿ. ನಾನು ಎದ್ದು ನಿಂತು ಕಾಗದ ಹಿಡಿದೆ. ಅದರಲ್ಲಿ 'ಜಲಶುದ್ಧಿ ಕುಂಡ ನಿರ್ಮಾಣದ ಬಗ್ಗೆ' ಎಂದಿತ್ತು. ನನ್ನ ಬಾಯಿ ಓದಿದ್ದು: "ಊರಿನ ಬಚ್ಚಲು ನೀರಿನ ಗುಂಡಿಯನ್ನು ಹಟ್ಟಿಯವರು ಕುಡಿಯುವ ಕುಂಟೆಯ ಮೇಲ್ಗಡೆ ತೋಡುವ ಬಗ್ಗೆ."

ಆಮೇಲೆ ಎದ್ದ ಗಲಾಟೆಯನ್ನು ಏನು ಹೇಳಲಿ! ಕೆಳಗಿನ ಬೀದಿಯ ಮೆಂಬರು, "ಎಲ್ಲಾದರೂ ತೋಡಿ, ನಮ್ಮ ಹೊಸ್ತಿಲಿಂದ ತೊಲಗಿಸಿ" ಎಂದು ಮೇಜು ಗುದ್ದಿದರು. ಮೇಲಿನ ಬೀದಿಯವರು, "ಇಷ್ಟು ದಿನ ಇದ್ದ ಹಾಗೇ ಇರಲಿ" ಎಂದರು. ರುದ್ರಪ್ಪನವರು, "ಗುಮಾಸ್ತರೇ, ಏನ್ರೀ ಅದು ಭಾಷೆ?" ಎಂದು ಕಣ್ಣು ಕೆಂಪಗೆ ಮಾಡಿದರು. ಬಾಗಿಲಿಂದ ಮಾರಜ್ಜಿಯ ದನಿ ಬಂತು: "ಅವ್ರುನ್ನ ಯಾಕ್ ಬಯ್ತೀರಾ? ಇವತ್ತೇ ಅವ್ರು ಸರ್ಯಾಗ್ ಓದಿರಾದು."

ಮೂಲೆಯಲ್ಲಿ ಕೂತಿದ್ದ ಓವರ್‌ಸಿಯರು ನಕ್ಷೆ ಬಿಚ್ಚಿದರು. "ಇಳಿಜಾರು ನೋಡಿದರೆ ಒಂದನೇ ಜಾಗವೇ ಸರಿ. ಕುಂಟೆ ಇಲ್ಲ, ಬಾವಿ ಇಲ್ಲ. ನಾನು ಮೊದಲು ಬರೆದದ್ದೂ ಅದನ್ನೇ. ಬದಲಾಯಿಸಿದ್ದು ಯಾರು?" ಎಂದರು. ರುದ್ರಪ್ಪನವರು ಫೈಲು ತಿರುವಿ, ನಮ್ಮ ಬೀದಿಯ ಅರ್ಜಿ ತೆಗೆದು, ಅಕ್ಷರ ನೋಡಿ, ಆಮೇಲೆ ನನ್ನ ಮುಖ ನೋಡಿದರು. ದುಂಡಗೆ ಬರೆಯುವವನ ಪಾಡು ಇದು. ಅವರು ದೊಡ್ಡ ಮನುಷ್ಯರು, ಫೈಲು ಮುಚ್ಚಿದರು. "ಒಂದನೇ ಜಾಗ. ಬರೆದುಕೊಳ್ಳಿ" ಎಂದರು. ಬರೆದುಕೊಂಡೆ.

ಅಂದು ಸಂಜೆಯೇ ನಮ್ಮ ಬೀದಿಯವರೆಲ್ಲ ನನ್ನ ಜಗಲಿಯ ಮೇಲೆ ಸೇರಿದರು. ನನ್ನನ್ನು ಬಯ್ಯುವಷ್ಟು ಬಯ್ದು, ಆಮೇಲೆ ತಕರಾರು ಅರ್ಜಿ ಬರೆಯಲು ನನ್ನ ಕೈಗೇ ಕಾಗದ ಕೊಟ್ಟರು. ಮಾರಜ್ಜಿಯ ಮಾತು ಕಿವಿಯಲ್ಲಿ ಇದ್ದಂತೆಯೇ, ಧೈರ್ಯ ಹಿಂಗಿಹೋಗಿ, ನಾನು ಬರೆದೆ. ನನ್ನ ಮನೆಯ ಹಿಂದೆ ಎಂದಾಗ ನನ್ನ ಕನ್ನಡ ಎಷ್ಟು ಸಲೀಸಾಗಿ ಬಂತು ಗೊತ್ತೇ? ನಾತ, ಸೊಳ್ಳೆ, ಕೊಚ್ಚೆ, ಹುಳ. ಒಂದು ಸಂಸ್ಕೃತ ಪದವೂ ಬೇಕಾಗಲಿಲ್ಲ.

ಮರುದಿನ ಆ ಅರ್ಜಿ ಮುನಿಸಿಪಾಲಿಟಿಗೆ ಬಂತು. ಅದರಲ್ಲಿ ಮೊದಲ ರುಜು ನನ್ನದೇ. ತೆಗೆದುಕೊಂಡು ಮೊಹರು ಹಾಕಿದವನು ನಾನು. ಜವಾಬು ಬರೆಯಬೇಕಾದವನೂ ನಾನೇ. ರುದ್ರಪ್ಪನವರು ಕಿಟಕಿಯ ಹೊರಗೆ ನೋಡುತ್ತ ಹೇಳಿಸಿದರು: "ಸದರಿ ಸ್ಥಳದಲ್ಲಿ ಕಟ್ಟುವುದು ಗುಂಡಿಯಲ್ಲ, ಜಲಶುದ್ಧಿ ಕುಂಡ. ಅದರ ಪಾವಿತ್ರ್ಯದ ಬಗ್ಗೆ ಈ ಕಚೇರಿಯ ನೋಟೀಸಿನಲ್ಲಿ ವಿವರವಾಗಿ ತಿಳಿಸಿದೆ. ಆದ್ದರಿಂದ ನಿಮ್ಮ ತಕರಾರನ್ನು ತಳ್ಳಿಹಾಕಲಾಗಿದೆ. ನೋಟೀಸಿನ ನಕಲು ಲಗತ್ತಿಸಿದೆ." ನಾನು ನನಗೇ ಬರೆದೆ, ನನ್ನದೇ ನೋಟೀಸಿನ ನಕಲನ್ನು ಪಿನ್ನು ಚುಚ್ಚಿ ಲಗತ್ತಿಸಿದೆ, ಮನೆಗೆ ತಂದು ಟಪಾಲು ಪುಸ್ತಕದಲ್ಲಿ 'ತಲುಪಿತು' ಎಂದು ರುಜು ಹಾಕಿಕೊಂಡೆ. ಸಾವಿತ್ರಿ ನಕ್ಕು ನಕ್ಕು ಕಂಬ ಹಿಡಿದುಕೊಂಡಳು.

ತೊಟ್ಟಿ ಕಟ್ಟಿ ಮುಗಿಯಿತು. ಕೆಳಗಿನ ಬೀದಿಯಲ್ಲಿ ಈಗ ರಂಗೋಲಿ ಮಧ್ಯಾಹ್ನದವರೆಗೂ ಉಳಿಯುತ್ತದೆ. ಚಳಿಜ್ವರವೂ ಕಡಿಮೆಯಾಗಿದೆ ಎನ್ನುತ್ತಾರೆ. ಮೂರನೇ ಅಂಕಣದ ನೀರಿಗೆ ಸಾವಿತ್ರಿ ಬೇಲಿಯ ಕೆಳಗೊಂದು ಕಂಡಿ ಮಾಡಿ, ತನ್ನ ಬಾಳೆಯ ಸಾಲನ್ನು ಎರಡು ಪಟ್ಟು ಮಾಡಿಕೊಂಡಿದ್ದಾಳೆ. ಬಂಡೆಯ ಕಡೆಯಿಂದ ಗಾಳಿ ತಿರುಗಿದ ದಿನ ಮಾತ್ರ ನಾವು ಅತಿಥಿಗಳನ್ನು ಕರೆಯುವುದಿಲ್ಲ.

ಮೊನ್ನೆ ಸಂತೆಯ ದಿನ ಗಾಳಿ ಹಾಗೇ ತಿರುಗಿತ್ತು. ಮಾರಜ್ಜಿ ಬಂದು ಜಗಲಿಯ ಮುಂದೆ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಸಾಮೇರೆ, ನಿಮ್ ಕುಂಡ ನಾರ್ತದೆ" ಎಂದಳು. 'ಸ್ವಲ್ಪ ವಾಸನೆಯ ಆಧಿಕ್ಯ' ಎಂದು ಏನೋ ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಹೌದಜ್ಜಿ, ನಾರುತ್ತೆ" ಎಂದೆ.

"ನಾರ್ಲಿ ಬುಡಿ. ನಮ್ ಕುಂಟೆ ಚೆನ್ನಾಗೈತೆ" ಎಂದಳು. ಸಂತೆಗೆ ಹೊರಟಿದ್ದವಳು ಮುತ್ತುಗದ ಎಲೆಯ ಒಂದು ಪೊಟ್ಟಣವನ್ನು ಜಗಲಿಯ ಮೇಲಿಟ್ಟು ಹೋದಳು. ಆ ಸಲದ ಬೆಣ್ಣೆಯನ್ನು ನಾವಿಬ್ಬರೂ ಕಿಟಕಿ ಮುಚ್ಚಿಕೊಂಡು ತಿಂದೆವು.