ಲೆಫ್ಟಿನೆಂಟ್ ಮಾಮುವಿನ ದಸ್ತಿ

ನಮ್ಮ ಮಾಮು ಸೈನ್ಯಕ್ಕೆ ಸೇರದೆಯೇ ಲೆಫ್ಟಿನೆಂಟ್ ಆದವರು! ಅಮ್ಮಿಯ ಈ ಅಣ್ಣ ಹರೆಯದಲ್ಲಿ ಭರ್ತಿಗೆ ಹೋಗಿದ್ದು ನಿಜ. ಎದೆ ಉಬ್ಬಿಸು ಅಂದರೆ ಹೊಟ್ಟೆ ಉಬ್ಬಿತಂತೆ, ವಾಪಸು ಕಳಿಸಿದರು. ಅಷ್ಟಕ್ಕೇ ಬಿಟ್ಟಾರೆಯೇ? ಚೌಡಾಪುರದ ಚಹಾದಂಗಡಿಯಲ್ಲಿ ನಿವೃತ್ತ ಫೌಜಿಯೊಬ್ಬರು ಲೆಫ್ಟಿನೆಂಟ್ ಎಂಬ ಪದದ ಮೂಲ ಹೇಳಿದ್ದೇ ತಡ, ಮಾಮು ತಮಗೆ ತಾವೇ ಬಡ್ತಿ ಕೊಟ್ಟುಕೊಂಡರು. ಅದು ಫ್ರೆಂಚರ ಮಾತಂತೆ. ಅರ್ಥ, ಇನ್ನೊಬ್ಬರ ಜಾಗ ಹಿಡಿದವನು. ಕ್ಯಾಪ್ಟನ್ ಇಲ್ಲದಾಗ ಅವನ ಬದಲು ನಿಲ್ಲುವವನು.

"ಹಂಗಾದ್ರ ನಾ ಹುಟ್ಟಿದಾಗಿಂದ ಲೆಫ್ಟಿನೆಂಟೇ ಅದೇನಿ," ಅಂದರಂತೆ.

ಸುಳ್ಳಲ್ಲ. ಜೇವರ್ಗಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಮಾಮುವಿನ ಕೆಂಪು ಚೌಕಳಿ ಕರವಸ್ತ್ರ, ಅವರ ಮಾತಲ್ಲಿ ದಸ್ತಿ, ಕಿಟಕಿಯಿಂದ ಹಾರಿ ಸೀಟಿನ ಮೇಲೆ ಬೀಳುತ್ತಿತ್ತು. ಯಾರಿಗಾಗಿ? ಇಜೇರಿಯ ಯಾವುದೋ ಬಸುರಿಗೆ, ಗುರುತಿಲ್ಲದ ಮುದುಕನಿಗೆ! ತಾವು ಮಾತ್ರ ಪಕ್ಕದಲ್ಲಿ ನಿಂತು ಕಾಯುವುದು, ಅವರು ಬಂದೊಡನೆ ದಸ್ತಿ ಎತ್ತಿಕೊಂಡು ಇಳಿಯುವುದು. ಒಮ್ಮೆ ಬರಬೇಕಾದವರು ಬರಲೇ ಇಲ್ಲ, ಬಸ್ಸು ಹೊರಟೇಬಿಟ್ಟಿತು. ಮಾಮು ಖಾಲಿ ಸೀಟಿನ ಪಕ್ಕ ನಿಂತುಕೊಂಡೇ ಅಫಜಲಪುರ ತಲುಪಿದರು. ಕುಳಿತುಕೊಳ್ಳಬಾರದೇ ಎಂದು ಕಂಡಕ್ಟರ್ ಕೇಳಿದನಂತೆ.

"ಲೆಫ್ಟಿನೆಂಟ್ ಜಾಗ ಹಿಡೀತಾನ್ರಿ, ಕುಂದ್ರೂದಿಲ್ಲ."

ಕಂಡಕ್ಟರ್ ಎರಡು ಟಿಕೆಟ್ ಹರಿದು ಕೊಟ್ಟ.

ಭೂಸನೂರಿನ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲು ಊರುದ್ದ ಇರುತ್ತದಲ್ಲ, ಅಲ್ಲೂ ಹೀಗೆಯೇ. ಟ್ರ್ಯಾಕ್ಟರು ಕೆಟ್ಟುಹೋದ ಗೆಳೆಯನಿಗಾಗಿ ಎರಡು ಗಾಡಿಗಳ ನಡುವೆ ತಾವೇ ನಿಂತರು. ಸಾಲು ಸರಿದಂತೆ ಬಾಯಲ್ಲೇ ಹಾರ್ನ್ ಹೊಡೆಯುತ್ತ ಗೇಟಿನವರೆಗೂ ಸರಿದರು! ಕಬ್ಬು ಎಲ್ಲಿ ಎಂದರೆ, ಹಿಂದೆ ಬರುತ್ತಿದೆ ಎಂದರಂತೆ.

ನಾನು ಶಾಲೆಯಲ್ಲಿದ್ದಾಗಲೇ ಅಬ್ಬಾ ತೀರಿಕೊಂಡರು. ಅಂದಿನಿಂದ ನನ್ನ ಶಾಲೆಯ ಸಭೆ, ಆಸ್ಪತ್ರೆಯ ಸಾಲು, ಎಲ್ಲೆಡೆ ಮಾಮುವೇ ನಿಂತರು.

ಆಳಂದದಲ್ಲಿ ನನ್ನ ನಿಕಾಹ್. ಮದುಮಗಳ, ಅಂದರೆ ನನ್ನ, ತಂದೆಯ ಜಾಗವೆಂದು ಖಾಜಿಯ ಪಕ್ಕ ಒಂದು ಕುರ್ಚಿ ಇಟ್ಟಿದ್ದರು. ಅಲ್ಲಿ ಕೂಡಲು ಹಿರಿಯರು ಮಾಮುವಿಗೆ ಹೇಳಿದರು. ಮಾಮು ಅದರ ಮೇಲೆ ದಸ್ತಿ ಹಾಸಿ ಪಕ್ಕದಲ್ಲಿ ನಿಂತರು. ಪರದೆಯ ಸಂದಿಯಿಂದ ನೋಡುತ್ತಿದ್ದ ನನಗೆ ನಗು ಬಂತು. ನಿಕಾಹ್‌ನಲ್ಲಿ ಹುಡುಗಿಯ ಪರವಾಗಿ ನಿಲ್ಲುವ ವಕೀಲರಾಗಿ, ಸಾಕ್ಷಿಗಳೊಂದಿಗೆ ನನ್ನ ಒಪ್ಪಿಗೆ ಕೇಳಲು ಅವರೇ ಬಂದರು. ನಾನು ಪರದೆಯ ಸಂದಿಯತ್ತ ಕೈ ತೋರಿಸಿದೆ.

"ಮಾಮು, ಮೊದ್ಲ ನೀವು ಆ ಕುರ್ಚಿ ಮ್ಯಾಲ ಕುಂದರ್ರಿ. ಆಮ್ಯಾಲ ಹೇಳ್ತೇನಿ."

"ಅದು ನಿಮ್ಮ ಅಬ್ಬಾಂದು, ಬೇಟಿ."

"ಅಬ್ಬಾ ಬರೂದಿಲ್ಲ. ಆ ಜಾಗ ನಿಮ್ದೇ ಅದ."

ಖಾಜಿ ಕೆಮ್ಮಿದರು. ಮಾಮು ಹೋಗಿ ದಸ್ತಿ ಎತ್ತಿದರು, ಕಣ್ಣಿಗೆ ಒತ್ತಿಕೊಂಡರು, ಕುಳಿತರು. ಅವರಿಗೆ ಕೇಳುವಷ್ಟು ಗಟ್ಟಿಯಾಗಿ ನಾನು "ಖಬೂಲ್" ಅಂದೆ.