ಮಾವನ ಆರ್ಗನ್ ಸ್ಟುಡಿಯೊಗೆ ಹೋದದ್ದು

ನಮ್ಮ ಸೋದರಮಾವನಿಗೆ ನೆಟ್ಟಗೆ ನಡೆಯಲು ಬರುತ್ತದೆ, ನೆಟ್ಟಗೆ ಮಾತಾಡಲು ಬರುತ್ತದೆ, ನೆಟ್ಟಗೆ ಬಾರಿಸಲು ಮಾತ್ರ ಬರುವುದಿಲ್ಲ! ಇದು ನನ್ನ ಮಾತಲ್ಲ, ಅವರ ಚರ್ಚಿನ ಪಾದ್ರಿಗಳದ್ದು.

ರಾಯಚೂರಿನಿಂದ ಹೈದರಾಬಾದಿಗೆ ಬಂದು ನೆಲೆಸಿದ ಮಾವ ವಾರವೆಲ್ಲ ನಾಚಾರಂನ ಪಂಪ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಭಾನುವಾರ ಚರ್ಚಿನಲ್ಲಿ ಆರ್ಗನ್ ವಾದಕ. ಪ್ರಾರ್ಥನೆಯ ಹಾಡನ್ನು ಎಲ್ಲರಂತೆ ಶುರುಮಾಡುತ್ತಿದ್ದರು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಅದು ಜಾಝ್ ಆಗಿರುತ್ತಿತ್ತು! ಒಂದು ಮದುವೆಯಲ್ಲಂತೂ ಮದುಮಗಳು ಗಂಭೀರವಾಗಿ ನಡೆದು ಬರುತ್ತಿದ್ದವಳು ಅರ್ಧ ದಾರಿಯಲ್ಲಿ ಸೊಂಟ ಕುಲುಕಿಸತೊಡಗಿದಳು. ಪಾಪ, ಅವಳದೇನು ತಪ್ಪು? ಪಾದ್ರಿಗಳು ಮಾವನನ್ನು ಪಕ್ಕಕ್ಕೆ ಕರೆದು, "ಮುಂದಿನ ವಾರ ಒಬ್ಬರ ಶವಸಂಸ್ಕಾರ ಐತಿ. ದಯಮಾಡಿ ಸತ್ತವರನ್ನಾದ್ರೂ ಸುಮ್ಮನ ಮಲಗಾಕ ಬಿಡ್ರಿ" ಅಂದರಂತೆ.

ಆಗ ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ಗೋಡೆ ಕಂಡಲ್ಲೆಲ್ಲ ಕಂಪ್ಯೂಟರಿನ ಜಾವಾ ಕಲಿಸುತ್ತೇವೆಂಬ ಬೋರ್ಡು. ನಾನೂ ಕಲಿಯಲು ಬಂದು ಮಾವನ ಮನೆ ಸೇರಿದ್ದೆ. ಮನೆಯ ಹಾಲ್ ತುಂಬ ಒಂದು ಆರ್ಗನ್! ಯಾವುದೋ ಹೋಟೆಲು ಮುಚ್ಚಿದಾಗ ಮಾವ ಎತ್ತಿಕೊಂಡು ಬಂದದ್ದು. ಕೈಗೆ ಎರಡು ಸಾಲು ಕರಿ-ಬಿಳಿ ಕೀಲಿಗಳು, ಕಾಲಿನಿಂದ ಒತ್ತಿ ಬಾರಿಸಲು ಕೆಳಗೆ ಉದ್ದುದ್ದ ಮರದ ಪಟ್ಟಿಗಳು. ಅದು ಒಳಬಂದ ದಿನ ಸೋಫಾ ಬಾಲ್ಕನಿಗೆ ಹೋಯಿತು, ಬಂದ ನೆಂಟರೂ ಬಾಲ್ಕನಿಗೇ! ಮಾವ ಊಟಕ್ಕೆ ಕೂತಾಗಲೂ ಮೇಜಿನ ಕೆಳಗೆ ಕಾಲಿನ ಅಭ್ಯಾಸ ನಡೆಸುತ್ತಿದ್ದರು. ನಾವು ಸಾರಿನ ಬಟ್ಟಲನ್ನು ಎಡಗೈಯಲ್ಲಿ ಹಿಡಿದುಕೊಂಡೇ ಉಣ್ಣುತ್ತಿದ್ದೆವು.

"ಮಾವ, ಈ ಜಾಝ್ ಅಂದ್ರ ಏನ್ರಿ?" ಎಂದು ಕೇಳಿದೆ ಒಮ್ಮೆ.

"ಗೊತ್ತಿರೋ ರಸ್ತೆ ಬಿಟ್ಟು, ಗಲ್ಲಿ ಗಲ್ಲಿ ತಿರುಗಿ, ಕಡೀಕ ಬರೋಬ್ಬರಿ ಮನಿಗೇ ಬರೋದು ನೋಡವ್ವಾ!"

ಅತ್ತೆ ಅಡುಗೆಮನೆಯಿಂದ ಹೇಳಿದರು: "ಹಂಗಾದ್ರ ಈ ಊರಿನ ಆಟೋದವರೆಲ್ಲಾ ಜಾಝ್ ಬಾರಸ್ತಾರ ಅನ್ರಿ!"

ಇಂಥ ಮಾವ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ, "ನಾ ಒಂದು ಆಲ್ಬಂ ಮಾಡಾಕತ್ತೀನಿ" ಎಂದು ಘೋಷಿಸಿಬಿಟ್ಟರು. ಅತ್ತೆ ಗಾಬರಿಯಾಗಿ, "ಮದುವಿ ಆಲ್ಬಂ ಐತಲ್ರಿ" ಅಂದರು. ಫೋಟೊ ಆಲ್ಬಂ ಅಲ್ಲ, ಹಾಡಿನ ಆಲ್ಬಂ! ಯಾರು ಕೇಳುತ್ತಾರೆ, ಯಾಕೆ ಬೇಕು ಎಂದರೆ ಮಾವನದು ನಗುವೇ ಉತ್ತರ. ಮುಪ್ಪಿನಲ್ಲಿ ಹೆಸರಿನ ಆಸೆ ಹುಟ್ಟಿದೆ ಎಂದು ನಾವು ತೀರ್ಮಾನಿಸಿದೆವು.

ನನ್ನ ಜಾವಾ ಕ್ಲಾಸಿನ ಎದುರಿಗೇ, ಅದೇ ಮಹಡಿಯಲ್ಲಿ, ಒಂದು ಪುಟ್ಟ ಸ್ಟುಡಿಯೊ ಇತ್ತು. ಸೀರೆ ಅಂಗಡಿಗಳ ಜಾಹೀರಾತು ರೆಕಾರ್ಡ್ ಮಾಡುವ ಜಾಗ. ಅಲ್ಲೇ ಒಂದು ಮಧ್ಯಾಹ್ನಕ್ಕೆ ರೆಕಾರ್ಡಿಂಗ್ ಗೊತ್ತುಮಾಡಿದ್ದಾಯಿತು. ಡ್ರಮ್ಮಿಗೆ ಹಳೇ ಶಹರದ ಮದುವೆ ಬ್ಯಾಂಡಿನವರೊಬ್ಬರು ಒಪ್ಪಿದರು. ಕಾರ್ಖಾನೆಯ ಗೆಳೆಯರು ಆರ್ಗನ್ನನ್ನು ಮೆಟ್ಟಿಲು ಮೆಟ್ಟಿಲು ಏರಿಸಿ ತಂದರು. ತಂದು ನೋಡಿದರೆ ಅದು ಬಾಗಿಲಲ್ಲಿ ಹಿಡಿಯಲಿಲ್ಲ! ಅಡ್ಡ ಮಾಡಿದರು, ಓರೆ ಮಾಡಿದರು, ಉಸಿರು ಬಿಗಿಹಿಡಿದು ತಳ್ಳಿದರು. ಊಹೂಂ.

ರೆಕಾರ್ಡಿಂಗ್‌ನ ಹುಡುಗ, ತಮ್ಮ ಕೀಬೋರ್ಡಿನಲ್ಲೇ ಆರ್ಗನ್ನಿನ ದನಿ ಬರುತ್ತದೆಂದು ಸಮಾಧಾನ ಹೇಳಿದ: "ಛೋಡೋ ಅಂಕಲ್, ಹಮಾರೇ ಕೀಬೋರ್ಡ್ ಮೇ ಆರ್ಗನ್ ಕಾ ಬಟನ್ ಹೈ."

"ನನ್ನ ಕಾಲಿಗೂ ಬಟನ್ ಐತೇನಪಾ ಅದರಾಗ?" ಎಂದರು ಮಾವ. ಹುಡುಗನಿಗೆ ಕನ್ನಡ ಬಾರದಿದ್ದರೂ ಮಾವನ ಮುಖ ನೋಡಿ ಅರ್ಥವಾಯಿತು. ಆರ್ಗನ್ ಕಾರಿಡಾರಿನಲ್ಲೇ ಉಳಿಯಿತು, ಡ್ರಮ್ ಒಳಗೆ. ಇಬ್ಬರೂ ಒಬ್ಬರಿಗೊಬ್ಬರು ಕಾಣಲೆಂದು ಬಾಗಿಲು ತೆರೆದಿಟ್ಟು, ಹೊರಗೆ ಮೈಕು ಎಳೆದರು.

ಮಾವ ಚಪ್ಪಲಿ ಬಿಟ್ಟು, ಕಣ್ಣುಮುಚ್ಚಿ ಶುರುಮಾಡಿದರು ನೋಡಿ! ಎರಡು ಕೈ ಎರಡು ಕಡೆ ಹರಟೆ ಹೊಡೆಯುತ್ತಿದ್ದರೆ ಕಾಲುಗಳು ಕೆಳಗೆ ನಡುವೆ ಬಾಯಿಹಾಕುತ್ತಿದ್ದವು. ಮದುವೆ ಬ್ಯಾಂಡಿನವರು "ಅರೇ ವಾಹ್ ಉಸ್ತಾದ್!" ಎನ್ನುತ್ತ ಬೆನ್ನಟ್ಟಿದರು. ನಮ್ಮ ಜಾವಾ ಕ್ಲಾಸು ಯಾವಾಗ ಖಾಲಿಯಾಯಿತೋ ಗೊತ್ತಿಲ್ಲ, ಮೇಷ್ಟ್ರೂ ಸೇರಿ ಎಲ್ಲರೂ ಮೆಟ್ಟಿಲ ಮೇಲೆ. ಕೊನೆಯ ಸ್ವರ ಇನ್ನೂ ಗಾಳಿಯಲ್ಲಿರುವಾಗಲೇ ಚಪ್ಪಾಳೆ, ಶಿಳ್ಳೆ, "ಸೂಪರ್ ಅಂಕುಲ್!"

ಹುಡುಗ ತಲೆ ಮೇಲೆ ಕೈಹೊತ್ತು ಕೂತ. ಶಿಳ್ಳೆಯೆಲ್ಲ ರೆಕಾರ್ಡ್ ಆಗಿತ್ತು, ಇನ್ನೊಮ್ಮೆ ಬಾರಿಸೋಣವೆಂದರೆ ಹೊರಗೆ ಸೀರೆ ಅಂಗಡಿಯವರು ತಮ್ಮ ಸರದಿಗೆ ಕಾಯುತ್ತಿದ್ದರು. "ಅಬ್ ಏ ಸ್ಟುಡಿಯೊ ಆಲ್ಬಂ ನಹೀ ರಹಾ ಅಂಕಲ್!" ಇದು ಇನ್ನು ಸ್ಟುಡಿಯೊ ಆಲ್ಬಂ ಅಲ್ಲವೇ ಅಲ್ಲ ಎಂಬುದು ಅವನ ಗೋಳು.

"ಸ್ಟುಡಿಯೊದ ಬಾಗಿಲಾಗ ಆಗೈತಿ. ಅಷ್ಟು ಸಾಕು ಬಿಡು!" ಎಂದರು ಮಾವ.

ಸಿ.ಡಿ. ಕೈಗೆ ಬಂದ ಸಂಜೆ ಮಾವ ಪೇಪರಿನವರಿಗೆ ಫೋನ್ ಮಾಡಲಿಲ್ಲ, ಪಾದ್ರಿಗಳ ಮುಂದೆ ಮೆರೆಯಲೂ ಹೋಗಲಿಲ್ಲ. ಎರಡು ಕುರ್ಚಿ ತಂದು ಪಕ್ಕಪಕ್ಕ ಇಟ್ಟರು. ಮೆಂತ್ಯ ಸೊಪ್ಪು ಸೋಸುತ್ತಿದ್ದ ಅತ್ತೆಯನ್ನು ಕರೆದು, "ಬಾ, ಕುಂದ್ರು" ಅಂದರು.

"ದಿನಾ ಕೇಳೋದ ಐತಲ್ರಿ, ಅದಕ್ಕ ಕುರ್ಚಿ ಯಾಕ?"

ಮಾವ ಹೇಳಿದರು: "ಮದುವಿ ಆದಾಗಿಂದ ಚರ್ಚಿನಾಗ ನೀ ಬೆಂಚಿನ ಮ್ಯಾಲ ಒಬ್ಬಾಕೀನ ಕುಂತೀದಿ. ಎಲ್ಲಾರ ಬಾಜೂಕ ಅವರವರ ಗಂಡ ಇರ್ತಾರ, ನಿನ್ನ ಗಂಡ ಆರ್ಗನ್ ಮುಂದ. ಇವತ್ತ ಅದು ತಾನ ಬಾರಸ್ತೈತಿ. ನಾ ನಿನ್ನ ಬಾಜೂಕ ಕುಂದ್ರತೀನಿ."

ಅತ್ತೆ ಕೈಗಂಟಿದ ಸೊಪ್ಪು ಒರೆಸಿಕೊಂಡು ಬಂದು ಕೂತರು. ಹಾಡು ಶುರುವಾಯಿತು. ಸ್ವಲ್ಪ ಹೊತ್ತಿಗೆ ಮಾವ ವಿವರಿಸಲು ಬಾಯಿ ತೆರೆದರು: "ಇಲ್ಲಿ ನೋಡು, ನಾ ಏನು ಮಾಡೀನಿ ಅಂದ್ರ..."

ಅತ್ತೆ ಅವರ ಕೈಮೇಲೆ ಕೈಯಿಟ್ಟರು. "ಸುಮ್ಮನಿರ್ರಿ," ಅಂದರು, "ಕೇಳಾಕತ್ತೀನಿ."